ಪೊರಕೆ ಹಿಡಿದ ಸಿಪಾಯಿ

ನಾಟಕಕ್ಕೆ ಆಡಿಷನ್ ಅಂದ ಕೂಡಲೇ ಮೊದಲು ಬರುವುದು ಕೆಮ್ಮು. ಮನೆಯಿಂದ ಹೊರಡುವಾಗ ಚೆನ್ನಾಗಿದ್ದ ನನ್ನ ಗಂಟಲು, ಚರ್ಚ್ ಹಾಲಿನ ಬಾಗಿಲು ತಳ್ಳುವಷ್ಟರಲ್ಲಿ ಕೈಕೊಟ್ಟಿತು. ಒಳಗೆ ನೋಡಿದರೆ ಎಲ್ಲರದೂ ಅದೇ ಪಾಡು. ಇಪ್ಪತ್ತು ಜನ, ಇಪ್ಪತ್ತು ಥರದ ಕೆಮ್ಮು. ಆಸ್ಪತ್ರೆ ವರಾಂಡವೇ ಸರಿ.

ಇಂಗ್ಲೆಂಡಿನ ಸಣ್ಣಪುಟ್ಟ ಊರುಗಳಲ್ಲೂ ಹವ್ಯಾಸಿ ನಾಟಕ ತಂಡ ಇರುತ್ತದೆ. ಹಗಲು ಆಫೀಸಿನಲ್ಲೋ ಶಾಲೆಯಲ್ಲೋ ದುಡಿಯುವವರು, ರಿಟೈರ್ ಆದವರು, ಸಂಜೆ ಒಂದು ಕಡೆ ಸೇರಿ ತಾಲೀಮು ಮಾಡುತ್ತಾರೆ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ನಾನು ಟಿಕೆಟ್ ಕೊಂಡು ಕೂತವನೇ ಹೊರತು ಸ್ಟೇಜ್ ಹತ್ತಿದವನಲ್ಲ. ಈ ಸಲ ಎರಡನೇ ಮಹಾಯುದ್ಧದ ಕಾಲದ ಹಾಸ್ಯ ನಾಟಕ, ಊರು ಕಾಯಲು ತಾವಾಗಿ ಸೇರಿದ ಹೋಮ್ ಗಾರ್ಡ್ ಮುದುಕರ ಕತೆ. "ಹೋಗಿ ಬನ್ನಿ, ನಿಮ್ಮ ಮುಖ ನೋಡಿದ್ರೇ ಸಾಕು, ನಗು ಬರತ್ತೆ" ಅಂತ ಹೆಂಡತಿ ಹುರಿದುಂಬಿಸಿದಳು. ಹುರಿದುಂಬಿಸಿದ್ದು ಅಂತಲೇ ನಾನು ಅಂದುಕೊಂಡಿದ್ದೇನೆ.

ಬಾಗಿಲಲ್ಲೇ ಒಂದು ಫಾರಂ ಕೊಟ್ಟರು. ಹೆಸರು, ಫೋನ್ ನಂಬರ್, ತಾಲೀಮಿಗೆ ಬರಲಾಗದ ದಿನಗಳು. ಯಾವ ಪಾತ್ರ ಬೇಕು? ಅದು ಸಿಗದಿದ್ದರೆ ಬೇರೆ ಪಾತ್ರ ಆದೀತಾ? ಅದೂ ಇಲ್ಲದಿದ್ದರೆ ಸೆಟ್ ಕಟ್ಟಲು ಬರ್ತೀರಾ? ಮನುಷ್ಯನ ಮರ್ಯಾದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಫಾರಂ ಅದು. ಕೊನೆಯಲ್ಲಿ 'ಪ್ಲೇಯಿಂಗ್ ಏಜ್' ಅನ್ನುವ ಕಾಲಂ. ನಮ್ಮ ವಯಸ್ಸಲ್ಲ, ಸ್ಟೇಜ್ ಮೇಲೆ ಎಷ್ಟು ವಯಸ್ಸಿನವರಂತೆ ಕಾಣಬಲ್ಲೆವು ಅನ್ನುವುದು. ಇಂಥ ಕಾಲಂ ಎಲ್ಲ ಸರ್ಕಾರಿ ಅರ್ಜಿಗಳಲ್ಲೂ ಇರಬೇಕಿತ್ತು. ನಾನು ಧಾರಾಳವಾಗಿ 35ರಿಂದ 50 ಅಂತ ಬರೆದೆ. ಪಕ್ಕದ ಕುರ್ಚಿಗೆ ಊರುಗೋಲು ಒರಗಿಸಿ ಕೂತಿದ್ದ ಅಜ್ಜ 45ರಿಂದ 60 ಅಂತ ಬರೆದರು. ನಾನು ನೋಡಿಬಿಟ್ಟೆ ಅಂತ ಗೊತ್ತಾಗಿ ಮೆಲ್ಲಗೆ ಕಾಗದ ಮಗುಚಿದರು.

ಅಜ್ಜನದೇನೂ ತಪ್ಪಿಲ್ಲ. ಹೋಮ್ ಗಾರ್ಡ್ ಹುಟ್ಟಿದ್ದೇ ಹೀಗೆ. 1940ರ ಮೇ 14ರ ಸಂಜೆ ಯುದ್ಧ ಮಂತ್ರಿ ಆಂಥನಿ ಈಡನ್ ರೇಡಿಯೊದಲ್ಲಿ ಮಾತಾಡಿದರು. ಜರ್ಮನರು ಪ್ಯಾರಾಚೂಟ್ ಕಟ್ಟಿಕೊಂಡು ಇಳಿದಾರು, 17ರಿಂದ 65 ವರ್ಷದ ಗಂಡಸರು ಹತ್ತಿರದ ಪೊಲೀಸ್ ಠಾಣೆಯಲ್ಲಿ ಹೆಸರು ಕೊಡಿ ಅಂದರು. ಜುಲೈ ಮುಗಿಯುವ ಹೊತ್ತಿಗೆ ಸೇರಿದವರು 10 ಲಕ್ಷಕ್ಕೂ ಜಾಸ್ತಿ. ಅದರಲ್ಲಿ 65 ದಾಟಿದವರು ವಯಸ್ಸು ಇಳಿಸಿಕೊಂಡು ಬಂದರು, ಮೀಸೆ ಚಿಗುರದ ಹುಡುಗರು ಏರಿಸಿಕೊಂಡು ಬಂದರು. ಮೊದಲು ಇಟ್ಟ ಹೆಸರು ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್, ಚಿಕ್ಕದಾಗಿ ಎಲ್‌ಡಿವಿ. ಕಿಡಿಗೇಡಿಗಳು ಅದನ್ನು 'ಲುಕ್, ಡಕ್ ಅಂಡ್ ವ್ಯಾನಿಷ್' ಅಂತ ಬಿಡಿಸಿ ಹೇಳಿದರು. ನೋಡು, ಬಗ್ಗು, ಮಾಯವಾಗು! ಚರ್ಚಿಲ್ ಅದೇ ಜುಲೈನಲ್ಲಿ ಹೆಸರನ್ನು ಹೋಮ್ ಗಾರ್ಡ್ ಅಂತ ಬದಲಿಸಿದರು. ಬಂದೂಕು ಎಲ್ಲರಿಗೂ ಸಾಲುತ್ತಿರಲಿಲ್ಲ. ಪೊರಕೆ ಕೋಲು ಹೆಗಲಿಗೇರಿಸಿಕೊಂಡು ಕವಾಯತು ಮಾಡಿದರು.

ನಾನು ಹಾಲಿನ ಸುತ್ತ ಒಮ್ಮೆ ಕಣ್ಣಾಡಿಸಿದೆ. ಅರ್ಧಕ್ಕರ್ಧ ಬೆಳ್ಳಿಕೂದಲು. ಮೂಲೆಯಲ್ಲಿ ಅಮ್ಮನ ಜೊತೆ ಬಂದ ಒಬ್ಬ ಉದ್ದನೆ ಹುಡುಗ. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಕಿವಿ ಮಂದ. ಹವ್ಯಾಸಿ ತಂಡಗಳು ಈ ಥರದ ನಾಟಕವನ್ನು ಯಾಕೆ ಬಿಡದೆ ಹಿಡಿದುಕೊಳ್ಳುತ್ತವೆ ಅಂತ ಆಗ ಹೊಳೆಯಿತು. ಬೇರೆ ನಾಟಕಕ್ಕೆ 20 ವರ್ಷದ ಚೆಂದದ ಹುಡುಗನನ್ನು ಎಲ್ಲಿಂದ ತರುವುದು ಅನ್ನುವುದೇ ತಲೆನೋವು. ಇಲ್ಲಿ ಆ ತಾಪತ್ರಯವೇ ಇಲ್ಲ. ಹುಡುಗರೆಲ್ಲ ಯುದ್ಧಕ್ಕೆ ಹೋಗಿದ್ದಾರೆ!

ಯುದ್ಧ ಇಟ್ಟುಕೊಂಡು ನಗಿಸುವುದು ಇಂಗ್ಲಿಷರ ಕಂಡುಹಿಡಿತವೇನಲ್ಲ ಬಿಡಿ. ಕ್ರಿ.ಪೂ. 425ರಲ್ಲಿ, ಅಥೆನ್ಸ್ ಸ್ಪಾರ್ಟಾದ ಜೊತೆ ಕಾದಾಡುತ್ತಿದ್ದಾಗಲೇ, ಅರಿಸ್ಟೊಫೇನಿಸ್ ಅನ್ನುವ ಗ್ರೀಕ್ ನಾಟಕಕಾರ ಒಂದು ನಾಟಕ ಆಡಿಸಿದ. ಯುದ್ಧದಿಂದ ಬೇಸತ್ತ ರೈತನೊಬ್ಬ ತನ್ನ ಮನೆಮಟ್ಟಿಗೆ ಮಾತ್ರ ಶತ್ರುವಿನ ಜೊತೆ ಸಂಧಿ ಮಾಡಿಕೊಳ್ಳುವ ಕತೆ. ಊರವರು ಹೊಡೆಯಲಿಲ್ಲ, ಮೊದಲ ಬಹುಮಾನ ಕೊಟ್ಟರು. ಆ ನಾಟಕಕ್ಕೂ ಆಡಿಷನ್ ಮಾಡಿದ್ದರೆ ಅಲ್ಲೂ ಯಾರೋ ಕೆಮ್ಮಿರಬೇಕು.

ನನ್ನ ಸರದಿ ಬಂತು. ನಿರ್ದೇಶಕಿ ಎಪ್ಪತ್ತರ ಆಸುಪಾಸಿನ ಹೆಂಗಸು. ಕನ್ನಡಕ ಮೂಗಿನ ತುದಿಯಲ್ಲಿ, ಕೈಯಲ್ಲಿ ಪೆನ್ಸಿಲ್. ನಾಲ್ಕು ಜನರನ್ನು ಒಟ್ಟಿಗೆ ಕರೆದು "ಕವಾಯತು ದೃಶ್ಯ" ಅಂದರು. ಹಾಲಿನ ಸಾಮಾನು ಕೋಣೆಯಿಂದ ಮೂರು ಪೊರಕೆ ಬಂದವು. ನಾಲ್ಕನೆಯದು ಇರಲಿಲ್ಲ. ನನಗೆ ನೆಲ ಒರೆಸುವ ಮಾಪ್ ಕೊಟ್ಟರು. ಅದು ಇನ್ನೂ ಒದ್ದೆ. ಹೆಗಲಿಗೇರಿಸಿದ್ದೇ ತಡ, ತಣ್ಣನೆಯ ನೀರು ಕಾಲರ್ ಒಳಗಿಂದ ಬೆನ್ನಿಗಿಳಿಯಿತು. ನಾನು ಸೆಟೆದು ನಿಂತೆ. ಸಿಪಾಯಿ ನಿಲ್ಲುವುದು ಹಾಗೇ ಅಲ್ವಾ? "ಅಬೌಟ್ ಟರ್ನ್!" ಅಂದರು. ಮೂವರು ಬಲಕ್ಕೆ ತಿರುಗಿದರು, ನಾನು ಎಡಕ್ಕೆ. ಊರುಗೋಲಿನ ಅಜ್ಜನೂ ನಾನೂ ಮೂಗಿಗೆ ಮೂಗು. ಮಾಪಿನಿಂದ ಒಂದು ಹನಿ ಅವರ ಬೂಟಿನ ಮೇಲೆ ಬಿತ್ತು. ಅಜ್ಜ ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಮಾತಾಡಲಿಲ್ಲ. ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ನಾಟಕದ ಕಾರ್ಪೊರಲ್, ಅಂದರೆ ಸಿಪಾಯಿಗಳ ಪುಟ್ಟ ಮುಂದಾಳಿನ ಪಾತ್ರ ಜೇಬಿಗೆ ಬಿತ್ತು ಅಂದುಕೊಂಡೆ. "ಇನ್ನೊಮ್ಮೆ" ಅಂದರು ನಿರ್ದೇಶಕಿ. ಈ ಸಲ ಬೇಕಂತಲೇ ಎಡಕ್ಕೆ ತಿರುಗಿದೆ. ಕಣ್ಣು ಅರಳಿಸಿದೆ, ಬಾಯಿ ತೆರೆದೆ, ಸ್ವಲ್ಪ ತೂರಾಡಿದೆ ಕೂಡ. ಯಾರೂ ನಗಲಿಲ್ಲ. ಮೂಲೆಯ ಹೀಟರ್ ಗೊರ್ ಅನ್ನುವುದು ಕೇಳಿಸುತ್ತಿತ್ತು.

ನಿರ್ದೇಶಕಿ ಹತ್ತಿರ ಬಂದರು. "ಮೊದಲನೇ ಸಲ ನಿನಗೆ ಸರಿಯಾಗಿ ತಿರುಗಬೇಕು ಅಂತ ಆಸೆ ಇತ್ತು. ಎರಡನೇ ಸಲ ನಮ್ಮನ್ನು ನಗಿಸಬೇಕು ಅಂತ ಆಸೆ ಇತ್ತು. ಈ ಮನುಷ್ಯನಿಗೆ ನಾಳೆ ಬೆಳಿಗ್ಗೆ ನಿಜಕ್ಕೂ ಜರ್ಮನರು ಬರ್ತಾರೆ ಕಣಪ್ಪ, ಕೈಯಲ್ಲಿರೋದು ಪೊರಕೆ." ಅವರು ಹೇಳಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ಕಿವಿಗೆ ಆ 'ಕಣಪ್ಪ' ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಅಜ್ಜ ಒಬ್ಬರೇ ಒಂದು ಪುಟ ಓದಿದರು. ಗ್ಯಾಸ್ ಮಾಸ್ಕ್ ಡಬ್ಬಿ ಮನೆಯಲ್ಲೇ ಮರೆತು ಬಂದು, ಅದನ್ನು ಕ್ಯಾಪ್ಟನ್‌ಗೆ ಹೇಳಲಾಗದೆ ಒದ್ದಾಡುವ ಮಾತು. ಪಕ್ಕದ ಮೇಜಿನ ಮೇಲೆ ರಟ್ಟಿನ ಡಬ್ಬಿ ಇತ್ತು, ಖಾಲಿ. ಆ ಕಾಲದ ಮಾಸ್ಕಿನ ಫಿಲ್ಟರ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿದ್ದುದರಿಂದ ಈಗ ನಿಜವಾದದ್ದನ್ನು ಯಾರೂ ಮುಖಕ್ಕೆ ಹಾಕುವ ಹಾಗಿಲ್ಲ. ಅಜ್ಜ ಕೈ ಬೀಸಲಿಲ್ಲ, ಮುಖ ಕಿವುಚಲಿಲ್ಲ. ಡಬ್ಬಿ ಇರಬೇಕಾದ ಸೊಂಟದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡು, ತಗ್ಗಿದ ದನಿಯಲ್ಲಿ ಓದಿದರು ಅಷ್ಟೇ. ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಹೊಟ್ಟೆಕಿಚ್ಚೂ ಬಂತು. ಅಂಥ ಮನುಷ್ಯ 45ರಿಂದ 60 ಅಂತ ಬರೆದುಕೊಂಡರೆ ಯಾರು ಬೇಡ ಅಂತಾರೆ?

ಮೂರು ದಿನ ಬಿಟ್ಟು ಮೇಲ್ ಬಂತು. ಕಾರ್ಪೊರಲ್ ಪಾತ್ರ ಅಜ್ಜನಿಗೆ. ನನಗೆ ಏರ್ ರೇಡ್ ವಾರ್ಡನ್. ಶತ್ರು ವಿಮಾನಗಳಿಗೆ ಊರು ಕಾಣಬಾರದು ಅಂತ ಬೆಳಕು ಮುಚ್ಚಿಸುವ ಬ್ಲ್ಯಾಕೌಟ್ 1939ರ ಸೆಪ್ಟೆಂಬರ್ 1ರಿಂದ ಶುರುವಾಯಿತಲ್ಲ, ಕಿಟಕಿಯ ಸಂದಿಯಿಂದ ಬೆಳಕು ಇಣುಕಿದರೂ ಬೀದಿಯಲ್ಲಿ ನಿಂತು ಕೂಗುತ್ತಿದ್ದ ಆಸಾಮಿ. ನಾಟಕದಲ್ಲಿ ಅವನಿಗೆ ಒಂದೇ ಮಾತು. ಅದೂ ಪರದೆಯ ಹಿಂದಿನಿಂದ, ಕತ್ತಲಲ್ಲಿ. ಹೆಂಡತಿ ನಂಬಿಕೊಂಡಿದ್ದ ನನ್ನ ಮುಖ ಯಾರಿಗೂ ಕಾಣುವುದಿಲ್ಲ.

ಆದರೂ ಅಭ್ಯಾಸ ಬಿಡಬಾರದಲ್ಲ. ಆ ರಾತ್ರಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಗಂಭೀರವಾಗಿ, ಮನಸ್ಸಿನಲ್ಲಿ ಬಾಂಬರ್ ವಿಮಾನಗಳನ್ನು ತಂದುಕೊಂಡು, ಎದೆತುಂಬಿ ಕೂಗಿದೆ: "ಪುಟ್ ದಟ್ ಲೈಟ್ ಔಟ್!"

ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮಗಳ ಕೋಣೆಯಿಂದ ಟಿಕ್ ಅಂತ ಸ್ವಿಚ್ಚಿನ ಸದ್ದು.

"ಸಾರಿ ಅಪ್ಪಾ, ಮಲಗ್ತಿದ್ದೀನಿ."