ಹಸಿ ಕಸ ನಮ್ಮ ಗೇಟು ದಾಟೋದು ಬೇಡ

ಅಪಾರ್ಟ್‌ಮೆಂಟ್ ಮೀಟಿಂಗ್ ಮುಗಿಸಿ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಿಂದಿನ ಕಾಂಪೌಂಡ್ ಪಕ್ಕ ಸುಮ್ನೆ ಬಿದ್ದಿರುವ ಜಾಗದಲ್ಲಿ ಎಲ್ಲರ ಅಡುಗೆಮನೆ ಕಸ ಸೇರಿಸಿ ಗೊಬ್ಬರ ಮಾಡೋಣ ಅಂತ ನಾವು ಕೆಲವರು ಕೇಳಿದೆವು. "ಮೇಂಟೆನೆನ್ಸ್ ಕಟ್ತೀವಲ್ಲ, ತಗೊಂಡು ಹೋಗ್ತಾರೆ ಬಿಡಿ" ಅಂದುಬಿಟ್ಟರು ಒಬ್ಬರು. ಅರ್ಧ ಜನ ಹೌದು ಹೌದು ಅಂದರು.

ತಗೊಂಡು ಹೋಗೋದು ಎಲ್ಲಿಗೆ?

ನಮ್ಮ ಬೆಂಗಳೂರಿನ ಕಸ ಮೊದಲು ಊರಾಚೆಯ ಹಳ್ಳಿ ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ಅಲ್ಲಿನವರು ಹೋರಾಡಿದ ಮೇಲೆ 2012ರಲ್ಲಿ ನಿಂತಿತು. ಆಮೇಲೆ ಹೊರೆಯೆಲ್ಲ ಇನ್ನೊಂದು ಹಳ್ಳಿ, ಮಂಡೂರಿನ ಮೇಲೆ ಬಿತ್ತು. ಅವರೂ ಬೀದಿಗಿಳಿದ ಮೇಲೆ 2014ರ ಕೊನೆಗೆ ಅದೂ ಬಂದ್. ನಂತರ ಬೇರೆ ಊರು, ಬೇರೆ ಕಲ್ಲು ಕ್ವಾರಿ. ನಮ್ಮ ಚಿಕ್ಕಮ್ಮನನ್ನು ಕೊಟ್ಟಿದ್ದು ಮಂಡೂರಿನ ಕಡೆಗೆ. ಆಗ ಅವರ ಮನೆಗೆ ಹೋದರೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ತುತ್ತು ತುತ್ತಾಗಿ ತಿನ್ನಬೇಕಿತ್ತು, ಅಷ್ಟು ನೊಣ. ಕಸದ ಮಾತು ಬಂದರೆ ನನ್ನ ದನಿ ಯಾಕೆ ಏರುತ್ತದೆ ಅಂತ ಕೇಳುವವರಿಗೆ ಹೇಳುತ್ತಿದ್ದೇನೆ.

ಆ ನೊಣ, ಆ ನಾತ ಪ್ಲಾಸ್ಟಿಕ್ಕಿನಿಂದ ಬಂದದ್ದಲ್ಲ. ನಮ್ಮ ಅನ್ನ, ಸಾರು, ಬಾಳೆಹಣ್ಣಿನ ಸಿಪ್ಪೆಯಿಂದ ಬಂದದ್ದು. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ದೊಡ್ಡ ರಾಶಿಯೊಳಗೆ ಗಾಳಿ ಆಡದೆ ಅದು ಕೊಳೆತು ಮೀಥೇನ್ ಅನ್ನೋ ಉರಿಯುವ ಅನಿಲ ಬಿಡುತ್ತದೆ, ಬೆಂಕಿ ಹತ್ತುತ್ತದೆ. ಕಪ್ಪು ನೀರು ಭೂಮಿಗಿಳಿದು ಬಾವಿ, ಬೋರ್‌ವೆಲ್ ಕೆಡಿಸುತ್ತದೆ. ಅದೇ ಸಿಪ್ಪೆ ನಮ್ಮ ಕಾಂಪೌಂಡಿನೊಳಗೇ ಉಳಿದರೆ ಎರಡು ತಿಂಗಳಲ್ಲಿ ಗೊಬ್ಬರ.

"ಇಲ್ಲೇ ಮಾಡಿದರೆ ಇಲ್ಲೇ ವಾಸನೆ ಬರಲ್ವಾ?" ಅಂದರು. ಬರುತ್ತದೆ, ನೀರು ಜಾಸ್ತಿಯಾಗಿ ಗಾಳಿ ಕಡಿಮೆಯಾದರೆ. ಅದಕ್ಕೇ ಪ್ರತಿ ಪದರ ಹಸಿ ಕಸದ ಮೇಲೆ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಧಾರಾಳವಾಗಿ ಹಾಕಬೇಕು. ವಾರಕ್ಕೊಮ್ಮೆ ಮಗುಚಬೇಕು. ಶುರುವಿಗೆ ಸ್ವಲ್ಪ ಹುಳಿ ಮಜ್ಜಿಗೆ ಸಾಕು. ಸರಿಯಾಗಿ ಮಾಡಿದ ರಾಶಿ ಒಳಗೆ 55-60 ಡಿಗ್ರಿವರೆಗೆ ಬಿಸಿಯಾಗುತ್ತದೆ, ಆ ಬಿಸಿಗೆ ನೊಣದ ಮರಿಗಳು ಉಳಿಯುವುದಿಲ್ಲ. ಒಣ ಎಲೆ ಎಲ್ಲಿಂದ ಅಂತೀರಾ? ನಮ್ಮ ರಸ್ತೆಯ ಹೊಂಗೆ ಎಲೆಗಳನ್ನು ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಅದನ್ನೇ ತರೋಣ.

ವಾಸನೆಯ ಮಾತನ್ನು ನಾನು ಒಪ್ಪದಿರುವುದು ಇನ್ನೊಂದು ಕಾರಣಕ್ಕೆ. ಇಲ್ಲಿ ಬಂದರೆ ತೊಂದರೆ, ಹಳ್ಳಿಯಲ್ಲಿ ಬಂದರೆ ಪರವಾಗಿಲ್ಲ ಅನ್ನೋದು ಯಾವ ನ್ಯಾಯ? ಎಲ್ಲ ಒಂದೇ ಚೀಲಕ್ಕೆ ತುಂಬಿ ಕೊಟ್ಟರೆ ಒಡೆದ ಗಾಜು, ಡೈಪರ್, ಹಳಸಿದ ಅನ್ನ ಒಟ್ಟಿಗೇ ಬೆರೆತಿರುತ್ತದೆ. ಅದಕ್ಕೆ ಕೈ ಹಾಕುವುದು ನಮ್ಮ ಪೌರಕಾರ್ಮಿಕರು. 5000 ಚದರ ಮೀಟರ್ ಮೀರಿದ ವಸತಿ ಸಮುಚ್ಚಯಗಳು ಸಾಧ್ಯವಾದಷ್ಟೂ ಹಸಿ ಕಸವನ್ನು ಆವರಣದೊಳಗೇ ಸಂಸ್ಕರಿಸಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣೆ ನಿಯಮವೇ ಹೇಳಿತ್ತು. ನಮ್ಮದು ಅದಕ್ಕಿಂತ ದೊಡ್ಡದು. ನಾವು ಯಾರಿಗೂ ಉಪಕಾರ ಮಾಡಬೇಕಿಲ್ಲ, ನಮ್ಮ ಪಾಲಿನ ಕೆಲಸ ಮಾಡಿದರೆ ಸಾಕು.

ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಇದೆ. ಗೊಬ್ಬರ ಮಾಡುವ ಬಗೆಬಗೆಯ ವಿಧಾನಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಭಾನುವಾರ ಬೆಳಿಗ್ಗೆ ಹೋಗೋಣ ಅಂತಿದ್ದೇನೆ. ಬೇಡ ಅಂದವರೇ ಮೊದಲು ಬನ್ನಿ. ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.