ಅಂಟಬೇಕಿದ್ದ ಮದುವೆ ಕಾಗದ ಹಾರಿಹೋಯಿತು

ನಿನ್ನೆ ಕಾಸರಗೋಡಿನ ಉಪ್ಪಳದಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತು ಬಂದಿದ್ದೇನೆ. ತಲೆ ಇನ್ನೂ ತಣ್ಣಗಾಗಿಲ್ಲ. ಬರಹದಲ್ಲಿ ಖಾರ ಜಾಸ್ತಿ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ ಮಾರಾಯ್ರೆ.

ಸರ್ವಿಸ್ ರಸ್ತೆಯಲ್ಲಿ ಬ್ಲಾಕ್. ಇಳಿದು ಹೋಗಿ ನೋಡಿದರೆ ಬ್ಲಾಕಿನ ತುದಿಯಲ್ಲಿ ಒಂದು ಬಿಳಿ ಪದ್ಮಿನಿ ಕಾರು. ಬಾನೆಟ್ ಎತ್ತಿದೆ, ಒಳಗಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಪಕ್ಕದಲ್ಲಿ ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅಜ್ಜನ ಕಾರಂತೆ. ಸುತ್ತ ಆರು ಮಂದಿ ಡಾಕ್ಟರುಗಳು.

ಒಬ್ಬರು, 'ಥರ್ಮೋಸ್ಟಾಟ್ ಉಂಟಾ? ಅದ್ ಊರಿ ಕಳ' ಎಂದರು. ತೆಗೆದು ಬಿಸಾಡು ಅಂತ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಇನ್ನೊಬ್ಬರು ಆ ಬಿಸಿನೀರು ತಣಿಸುವ ರೇಡಿಯೇಟರೇ ಹೊಸದು ಹಾಕು ಎಂದರು. ಮೂರನೆಯವರು ಎಲೆಕ್ಟ್ರಿಕ್ ಫ್ಯಾನ್ ಹಾಕಿಸು ಎಂದರು. ಹುಡುಗ ಅಳುವ ಮುಖ ಮಾಡಿಕೊಂಡು, 'ಹಾಕಿಸಿದ್ದೇನೆ ಅಣ್ಣ, ಹೋದ ತಿಂಗಳೇ' ಎಂದ. ನಿಜ, ಬೆಲ್ಟಿನಲ್ಲಿ ತಿರುಗುವ ಹಳೇ ಫ್ಯಾನ್ ತೆಗೆದು, ಯಾವುದೋ ಗುಜರಿ ಮಾರುತಿಯ ಫ್ಯಾನ್ ಕೂರಿಸಿದ್ದಾರೆ. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್. ಅದನ್ನು ಹಾಕಿ ತೋರಿಸಿದ. ಭರ್ರ್ ಅಂತ ತಿರುಗಿತು. 'ಫ್ಯಾನ್ ಸರಿ ಉಂಟು' ಎಂದು ಆರೂ ಜನ ಒಟ್ಟಿಗೆ ತೀರ್ಪು ಕೊಟ್ಟರು.

ತಿರುಗುತ್ತದೆ, ಹಾಗಾದರೆ ಸರಿ ಉಂಟು! ನನಗೆ ಪಿತ್ತ ನೆತ್ತಿಗೇರುವುದು ಇಲ್ಲೇ. ಯಾವ ಕಡೆಗೆ ತಿರುಗುತ್ತದೆ ಅಂತ ಒಬ್ಬರಾದರೂ ಕೇಳಬೇಡವಾ?

ಅಷ್ಟರಲ್ಲಿ ಒಬ್ಬ ಮಹಾನುಭಾವರು ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ನಾನು ಹಾಕಿದ ಬೊಬ್ಬೆ ಹೊಸಂಗಡಿಗೆ ಕೇಳಿರಬೇಕು. ಆ ಮುಚ್ಚಳ ಸುಮ್ನೆ ಮುಚ್ಚಳ ಅಲ್ಲ. ಚದರ ಇಂಚಿಗೆ 7 ಪೌಂಡ್ ಒತ್ತಡ ಹಿಡಿದಿಡುವ ಕ್ಯಾಪ್ ಅಂದರೆ ಒಳಗಿನ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, 110ರ ಹತ್ತಿರ ಹೋದರೂ ಒತ್ತಡಕ್ಕೆ ನೀರಾಗಿಯೇ ಕೂತಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ. ನನ್ನ ಎಡಗೈ ಮೇಲಿನ ಕಲೆ ಹೇಗಾಯಿತು ಅಂತ ಕೇಳಿದವರಿಗೆಲ್ಲ ಇಷ್ಟು ವರ್ಷ 'ಎಣ್ಣೆ ಸಿಡಿದದ್ದು' ಅಂತ ಹೇಳಿದ್ದೇನೆ. ಸುಳ್ಳು. ಈಗ ಗೊತ್ತಾಯ್ತಲ್ಲ.

ನನ್ನ ಜೇಬಿನಲ್ಲಿ ಒಂದು ಮದುವೆ ಕಾಗದ ಇತ್ತು, ಬದಿಯಡ್ಕದ ಭಾವನ ಮಗಳದ್ದು. ಕವರಿನಿಂದ ತೆಗೆದು ಪದ್ಮಿನಿಯ ಗ್ರಿಲ್ಲಿಗೆ ಹಿಡಿದೆ. ರೇಡಿಯೇಟರಿನ ಹಿಂದೆ ಕೂತ ಫ್ಯಾನಿನ ಕೆಲಸ ಮುಂದಿನ ಗಾಳಿಯನ್ನು ಒಳಗೆ ಎಳೆಯುವುದು. ಕಾಗದ ಗ್ರಿಲ್ಲಿಗೆ ಅಂಟಿ ಕೂರಬೇಕು. ಬಿಟ್ಟೆ. ಕಾಗದ ಹಾರಿ ರಸ್ತೆಗೆ ಬಿತ್ತು! ಕೈಗೆ ಬಿಸಿಬಿಸಿ ಗಾಳಿ ಬಡಿಯಿತು. ಎಂಜಿನ್ನಿನ ಬಿಸಿಯನ್ನೇ ತಂದು ರೇಡಿಯೇಟರಿಗೆ ಊದುತ್ತಿದೆ ಫ್ಯಾನು. ಕಾರು ಓಡುವಾಗ ಮುಂದಿನಿಂದ ಬರುವ ಗಾಳಿಗೂ ಎದುರು ನಿಂತು ಜಗಳ ಮಾಡುತ್ತದೆ. ಒಂದು ತಿಂಗಳಿಂದ ಆ ಬಡಪಾಯಿ ದುಡ್ಡು ಕೊಟ್ಟು ಕಾರು ಕಾಯಿಸುತ್ತಿದ್ದಾನೆ.

ಕೂರಿಸಿದ ಪುಣ್ಯಾತ್ಮ ಎರಡು ವಯರ್ ಅದಲು ಬದಲು ಕೊಟ್ಟಿದ್ದ. ಅಷ್ಟೇ. ಈ ಮೋಟಾರಿಗೆ ಪ್ಲಸ್ ಮೈನಸ್ ಬದಲಾದರೆ ಉಲ್ಟಾ ತಿರುಗುತ್ತದೆ. ತಿರುಗಿದ್ದೇ ಸಾಕು ಅಂತ ಬಿಲ್ ಬರೆದಿರಬೇಕು.

ನನ್ನ ಅಂಬಾಸಿಡರ್ ಪುರಾಣ ನಿಮಗೆಲ್ಲ ಗೊತ್ತೇ ಇದೆ. ಆದರೆ ಅದರಲ್ಲಿ ಒಂದು ಅಧ್ಯಾಯ ಮುಚ್ಚಿಟ್ಟಿದ್ದೆ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಆರು ಜನರ ಮಾತು ಕೇಳಿದವ. ಮುಳ್ಳೇರಿಯದ ಏರಿನಲ್ಲಿ ಕುದಿಯುತ್ತದೆ, ಚೆರ್ಕಳದ ಬ್ಲಾಕಿನಲ್ಲಿ ಕುದಿಯುತ್ತದೆ. ಮೊದಲು ಥರ್ಮೋಸ್ಟಾಟ್ ತೆಗೆಸಿದರು. ಆಮೇಲೆ ರೇಡಿಯೇಟರಿನ ಕೋರ್ ಬದಲಿಸಿದರು, 8,000 ರೂಪಾಯಿ. ಆಮೇಲೆ ವಾಟರ್ ಪಂಪ್. ಕೊನೆಗೆ ಎಂಜಿನ್ನಿನ ತಲೆ, ಅಂದರೆ ಹೆಡ್ ಬಿಚ್ಚೋಣ ಎಂದರು. ಆಗ ಅಡಿಕೆಗೆ ಕೊಳೆರೋಗ ಬಂದ ವರ್ಷ, ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಬುದ್ಧಿ ಬಂತು.

ಒಂದು ಆದಿತ್ಯವಾರ ಸುಮ್ನೆ ಸ್ಟೂಲ್ ಹಾಕಿ ಕೂತು ನೋಡಿದೆ. ಫ್ಯಾನ್ ಬೆಲ್ಟ್ ಮುಟ್ಟಿದರೆ ಬಿಗಿಯಾಗಿಯೇ ಇದೆ. ತೆಗೆದೆ. ಪುಲಿಯಲ್ಲಿ ಬೆಲ್ಟು ಕೂರುವ ತೋಡಿನ ತಳ ಕನ್ನಡಿಯ ಹಾಗೆ ಫಳಫಳ. ಬೆಲ್ಟು ಹಿಡಿಯಬೇಕಾದದ್ದು ಪುಲಿಯ ಎರಡು ಬದಿಗಳನ್ನು, ತಳವನ್ನಲ್ಲ. ಸವೆದು ಸಪೂರ ಆಗಿ ತಳಕ್ಕೆ ಕೂತು ಜಾರುತ್ತಿತ್ತು. ಅದೇ ಬೆಲ್ಟು ಫ್ಯಾನನ್ನೂ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ತಿರುಗಿಸುವುದು. ಗಾಳಿಯೂ ಕಮ್ಮಿ, ನೀರಿನ ಓಟವೂ ಕಮ್ಮಿ. ಹೊಸ ಬೆಲ್ಟು 350 ರೂಪಾಯಿ. ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗುವಷ್ಟು ಬಿಗಿ ಮಾಡಿದೆ, ಮುಗಿಯಿತು. 8,000ದ ಲೆಕ್ಕ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಇವಳು ಫೇಸ್‌ಬುಕ್ ನೋಡುವುದಿಲ್ಲ, ನೀವೂ ಹೇಳಬೇಡಿ.

ಥರ್ಮೋಸ್ಟಾಟ್ ಕೂಡ ವಾಪಸ್ ಹಾಕಿದೆ. ಹಾಕುವ ಮೊದಲು ನೂಲು ಕಟ್ಟಿ ಚಹಾದ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿದೆ. 82 ಅಂತ ಅಚ್ಚು ಹಾಕಿದ್ದರು, ಅಂದರೆ 82 ಡಿಗ್ರಿಯ ಹೊತ್ತಿಗೆ ತೆರೆಯಬೇಕು. ನೀರು ಕುದಿಯುವ ಮೊದಲೇ ಬಾಯಿ ಬಿಟ್ಟಿತು, ತಣಿದಾಗ ಮುಚ್ಚಿತು. ಅಮ್ಮ ಬಂದು ಪಾತ್ರೆ ನೋಡಿ ಹೇಳಿದ್ದನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಆಯಿಲ್ ಕೆಸರಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಅಲ್ಲ, ಕೇಳುವುದು ಅಷ್ಟು ಕಷ್ಟವಾ? ನಿಂತಾಗ ಕಾಯುತ್ತದೆ, ಓಡುವಾಗ ಸರಿ ಅಂದರೆ ಗಾಳಿಯ ಕಡೆ ನೋಡಿ: ಫ್ಯಾನು, ಬೆಲ್ಟು, ರೇಡಿಯೇಟರಿನ ಕಸ ತುಂಬಿದ ಫಿನ್ನು. ನಿಂತಾಗ ಸರಿ, ಓಡಿಸಿದರೆ ಕಾಯುತ್ತದೆ ಅಂದರೆ ಹೆಚ್ಚಾಗಿ ನೀರಿನ ಕಡೆ: ತುಕ್ಕು ಕಟ್ಟಿದ ರೇಡಿಯೇಟರು, ಒಳಗೆ ಹೀರಿ ಚಪ್ಪಟೆಯಾಗುವ ಕೆಳಗಿನ ಹೋಸ್. ನನ್ನದು ಎರಡೂ ಕಡೆ ಕಾಯುತ್ತಿತ್ತು, ಎರಡಕ್ಕೂ ಇದ್ದದ್ದು ಒಂದೇ ಬೆಲ್ಟು. ಇಷ್ಟನ್ನು ಒಬ್ಬನೂ ಕೇಳಲಿಲ್ಲ. ಎಲ್ಲರಿಗೂ ಏನು ತೆಗೆಯೋಣ, ಏನು ಹಾಕೋಣ ಅಂತಲೇ ಅವಸರ.

'ಅದು ಇಂಗ್ಲೆಂಡಿನ ಚಳಿಗೆ ಮಾಡಿದ ಗಾಡಿ ಸಾರ್, ನಮ್ಮ ಸೆಕೆಗೆ ಕುದಿದೇ ಕುದಿಯುತ್ತದೆ' ಅಂತ ಈಗ ಕಮೆಂಟ್ ಹಾಕುವವರು ಇದ್ದೀರಿ, ಗೊತ್ತು. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರು ಹೌದು, ಒಪ್ಪಿದೆ. ಆದರೆ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ಅಂಬಾಸಿಡರ್ ಮಾಡಿದ್ದು ಇಂಗ್ಲೆಂಡಿಗೆ ಮಾರಲಿಕ್ಕಲ್ಲ. ಪದ್ಮಿನಿ ಟ್ಯಾಕ್ಸಿ ಮುಂಬೈಯ ಟ್ರಾಫಿಕ್ಕಿನಲ್ಲಿ 2023ರವರೆಗೂ ಓಡಿದೆ. ಅಲ್ಲೇನು ಹಿಮ ಬೀಳುತ್ತಿತ್ತಾ? ಎಲೆಕ್ಟ್ರಿಕ್ ಫ್ಯಾನ್ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಆದರೆ ನನ್ನದು ಡೈನಮೋ ಗಾಡಿ, ನಿಂತಲ್ಲಿ ಅದು ಚಾರ್ಜೇ ಮಾಡುವುದಿಲ್ಲ. ರಾತ್ರಿ ಹೆಡ್‌ಲೈಟು, ವೈಪರು, ಮೇಲಿಂದ ಈ ಫ್ಯಾನು, ಬ್ಯಾಟರಿ ಕಥೆ ಮುಗಿಯಿತು. ಆಮೇಲೆ ಬ್ಯಾಟರಿ ದೊಡ್ಡದು ಹಾಕು ಅನ್ನಲು ಅದೇ ಆರು ಜನ ಬರುತ್ತಾರೆ.

ಹುಡುಗನ ಫ್ಯಾನಿನ ವಯರ್ ಕತ್ತರಿಸಿ ಅದಲು ಬದಲು ಜೋಡಿಸಿ ಟೇಪ್ ಸುತ್ತಿದೆ. ಮತ್ತೂ ಅರ್ಧ ಗಂಟೆ ಕಾದು, ಎಂಜಿನ್ ಪೂರ್ತಿ ತಣಿದ ಮೇಲೆ ನೀರು ತುಂಬಿಸಿದೆವು. ಸ್ವಿಚ್ ಹಾಕಿದ. ಮದುವೆ ಕಾಗದದ ಧೂಳು ಕೊಡವಿ ಹಿಡಿದೆ. ಚಪ್ಪ್ ಅಂತ ಅಂಟಿತು! ಹುಡುಗನ ಮುಖ ನೋಡಬೇಕಿತ್ತು ನೀವು. ಹತ್ತು ನಿಮಿಷ ನಿಂತಲ್ಲೇ ಓಡಿಸಿದೆವು, ಕುದಿಯಲಿಲ್ಲ. ಆರು ಡಾಕ್ಟರುಗಳು ಯಾವಾಗ ಮಾಯವಾದರೋ ಗೊತ್ತಿಲ್ಲ. ಹಿಂದಿನ ಬಸ್ಸಿನವನ ಹಾರ್ನಿಗೆ ಹೆದರಿ ಹುಡುಗ ಕೈ ಬೀಸಿ ಹೊರಟೇಬಿಟ್ಟ.

ಕಾಗದ ಗ್ರಿಲ್ಲಿನಲ್ಲೇ ಅಂಟಿಕೊಂಡು ಹೋಯಿತು. ಈಗ ಇವಳು ಮುಹೂರ್ತ ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಾಳೆ. ಭಾವನಿಗೆ ಫೋನ್ ಮಾಡಿ ಕೇಳಲು ನಾಚಿಕೆ. ಕಾಗದ ಬಂದವರು ಯಾರಾದರೂ ಇದ್ದರೆ ಒಂದು ಫೋಟೋ ತೆಗೆದು ಕಳಿಸಿ.