ಅನುಭವಿ ಫ್ರೆಶರ್ ಬೇಕಾಗಿದ್ದಾರೆ

ಪ್ರೋಗ್ರಾಮಿಂಗ್ ಕೆಲಸದ ಜಾಹೀರಾತಿನಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ‘ಫ್ರೆಶರ್‌ಗಳಿಗೆ ಸ್ವಾಗತ’ ಅಂತ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕನಿಷ್ಠ 2 ವರ್ಷ ಅನುಭವ’ ಅಂತಲೂ ಇರುತ್ತದೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಅನುಭವ ಕೇಳುವುದಕ್ಕೆ ಈ ಜನರಿಗೆ ಒಂದಿಷ್ಟೂ ಸಂಕೋಚವಿಲ್ಲ. ಫಾಸ್ಟ್‌ಎಪಿಐ ಎಂಬ ಫ್ರೇಮ್‌ವರ್ಕ್, ಅಂದರೆ ಪ್ರೋಗ್ರಾಂ ಕಟ್ಟಲು ಬಳಸುವ ಸಿದ್ಧ ಚೌಕಟ್ಟು, ಬರೆದವರು ಸೆಬಾಸ್ಟಿಯನ್ ರಮಿರೆಜ್. 2020ರಲ್ಲಿ ಅವರ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಫಾಸ್ಟ್‌ಎಪಿಐಯಲ್ಲಿ 4 ವರ್ಷಕ್ಕೂ ಮೇಲ್ಪಟ್ಟ ಅನುಭವ ಬೇಕಂತೆ! ಅವರು ಅದನ್ನು ಬರೆದೇ ಒಂದೂವರೆ ವರ್ಷ ಆಗಿತ್ತು. ಹುಟ್ಟಿಸಿದವರೇ ಅನರ್ಹ.

ಇದಕ್ಕೆಲ್ಲ ಮದ್ದು ಪೋರ್ಟ್‌ಫೋಲಿಯೊ ಅಂತ ಬಲ್ಲವರು ಹೇಳುತ್ತಾರೆ. ಕೆಲಸ ಸಿಗುವ ಮೊದಲೇ ಕೆಲಸ ಮಾಡಿ ತೋರಿಸಬೇಕು. ಸಂಬಳದ ಮಾತು ಆಮೇಲೆ.

ಸರಿ, ಏನು ಮಾಡಿ ತೋರಿಸುವುದು? ಟು-ಡು ಲಿಸ್ಟ್. ಲೋಕದಲ್ಲಿ ಮಾಡಬೇಕಾದ ಕೆಲಸಗಳಿಗಿಂತ ಅವನ್ನು ಬರೆದಿಡುವ ಆ್ಯಪ್‌ಗಳೇ ಜಾಸ್ತಿ ಆಗಿವೆ. ಯಾವುದಾದರೂ ಒಂದನ್ನು ತೆರೆದು ನೋಡಿ. ಒಳಗೆ ‘ಟೆಸ್ಟ್’, ‘ಟೆಸ್ಟ್ 2’, ಕೀಬೋರ್ಡ್ ಮೇಲೆ ಸುಮ್ನೆ ಬೆರಳಾಡಿಸಿದ ‘ಎಎಸ್‌ಡಿಎಫ್’ ಎಂಬ ಮೂರು ಕೆಲಸಗಳಿರುತ್ತವೆ. ‘ಎಎಸ್‌ಡಿಎಫ್’ ಪಕ್ಕ ಟಿಕ್ ಬಿದ್ದಿರುತ್ತದೆ, ಅಂದರೆ ಅದು ಮುಗಿದಿದೆ. ಆ್ಯಪ್ ಬರೆದವನು ತನ್ನ ನಿಜವಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡಿರುತ್ತಾನೆ.

ಆಮೇಲೆ ಹವಾಮಾನದ ಆ್ಯಪ್. ಕಿಟಕಿ ತೆರೆದರೆ ಕಾಣುವುದನ್ನೇ ತೋರಿಸುತ್ತದೆ, ಜೊತೆಗೆ ಪಾಸ್‌ವರ್ಡ್‌ನಂತೆ ಗುಟ್ಟಾಗಿಡಬೇಕಾದ ತನ್ನ ಎಪಿಐ ಕೀಯನ್ನೂ ಊರಿಗೆಲ್ಲ ತೋರಿಸುತ್ತದೆ. ಇನ್ನೊಂದು ಯಾವುದೋ ದೊಡ್ಡ ಸೈಟಿನ ತದ್ರೂಪ. ಲೋಗೋ ಥೇಟ್ ಹಾಗೇ ಇದೆ, ಬಟನ್ ಒತ್ತಿದರೆ ಮಾತ್ರ ಏನೂ ಆಗಲ್ಲ.

ಇಷ್ಟನ್ನೂ ದುಡ್ಡು ಕೊಡದೆ ಉಚಿತ ಸರ್ವರ್ ಮೇಲೆ ಇಡುತ್ತಾರೆ. ಸರ್ವರ್ ಕೊಡುವ ರೆಂಡರ್‌ನಂಥ ಕಂಪನಿಗಳ ಕಡೆ 15 ನಿಮಿಷ ಯಾರೂ ಬರದಿದ್ದರೆ ಉಚಿತ ಸರ್ವರ್ ನಿದ್ದೆಗೆ ಜಾರುತ್ತದೆ. ಪೋರ್ಟ್‌ಫೋಲಿಯೊಗೆ ಯಾರು ಬರುತ್ತಾರೆ ಹೇಳಿ, ಅದು ಸದಾ ನಿದ್ದೆಯಲ್ಲೇ ಇರುತ್ತದೆ. ಅಪರೂಪಕ್ಕೆ ಎಚ್‌ಆರ್ ಒಬ್ಬರು ಲಿಂಕ್ ಒತ್ತಿದರು ಅನ್ನಿ. ಅದು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಅವರು ಇನ್ನೂ ಹತ್ತು ಅರ್ಜಿ ತಳ್ಳಿಹಾಕಿರುತ್ತಾರೆ.

ಇನ್ನು ಎಲ್ಲರೂ ಕೋಡ್ ತಂದಿಡುವ ತಾಣ ಗಿಟ್‌ಹಬ್‌ನ ಹಸಿರು ಚೌಕಗಳು. ಕೋಡ್ ಹಾಕಿದ ದಿನ ಚೌಕ ಹಸಿರಾಗುತ್ತದೆ, ಜಾಸ್ತಿ ಹಾಕಿದರೆ ಕಡು ಹಸಿರು. ಸತತ ಎಷ್ಟು ದಿನ ಎಂದು ಎಣಿಸುವ ಲೆಕ್ಕವನ್ನು ಗಿಟ್‌ಹಬ್ 2016ರಲ್ಲೇ ತೆಗೆದುಹಾಕಿತು. ಆದರೂ ಭಕ್ತರು ಬಿಟ್ಟಿಲ್ಲ. ಇವತ್ತು ರೀಡ್‌ಮಿ ಎಂಬ ಪರಿಚಯದ ಫೈಲಿಗೆ ಒಂದು ಚುಕ್ಕಿ ಹಾಕುತ್ತಾರೆ, ನಾಳೆ ತೆಗೆಯುತ್ತಾರೆ. ಎರಡು ದಿನವೂ ಹಸಿರು! ಅಷ್ಟು ಕಷ್ಟವನ್ನೂ ಪಡಬೇಕಿಲ್ಲ. ಗಿಟ್‌ಹಬ್‌ನ ಬುಡದಲ್ಲಿ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ಸಾಫ್ಟ್‌ವೇರ್ ಇದೆ. ಕಮಿಟ್‌ಗೆ, ಅಂದರೆ ಅಂಥ ಒಂದು ದಾಖಲೆಗೆ, ಬೇಕಾದ ತಾರೀಖು ಹಾಕಿಕೊಳ್ಳಲು ಅದು ಬಿಡುತ್ತದೆ. ಗಿಟ್ ಹುಟ್ಟಿದ್ದು 2005ರಲ್ಲಿ. 1990ರ ತಾರೀಖು ಹಾಕಿದರೂ ಅದು ತುಟಿ ಪಿಟಕ್ ಅನ್ನುವುದಿಲ್ಲ. ಒಂದೂವರೆ ವರ್ಷದ ಫ್ರೇಮ್‌ವರ್ಕ್‌ನಲ್ಲಿ 4 ವರ್ಷದ ಅನುಭವ ಬೇಕಾ? ತಗೊಳ್ಳಿ, ಸುಮ್ನೆ ಹತ್ತು ಅಂತಲೇ ಇಟ್ಟುಕೊಳ್ಳಿ.

ಹಾಗಾದರೆ ಜನ ನಿಜವಾಗಿ ಬಳಸುವಂಥದ್ದನ್ನು ಮಾಡಿ ತೋರಿಸಬಹುದಲ್ವಾ? ತೋರಿಸಿದವರೂ ಇದ್ದಾರೆ. ಮ್ಯಾಕ್‌ನಲ್ಲಿ ಕೋಡ್ ಬರೆಯುವವರಿಗೆ, ಬೇರೆ ಸಾಫ್ಟ್‌ವೇರ್‌ಗಳನ್ನು ಇನ್‌ಸ್ಟಾಲ್ ಮಾಡಿಕೊಡುವ ಹೋಮ್‌ಬ್ರೂ ಗೊತ್ತೇ ಇರುತ್ತದೆ. ಅದನ್ನು ಶುರು ಮಾಡಿದ ಮ್ಯಾಕ್ಸ್ ಹೋವೆಲ್ 2015ರಲ್ಲಿ ಟ್ವಿಟರ್‌ನಲ್ಲಿ ಹೇಳಿಕೊಂಡರು: ಗೂಗಲ್‌ನ ಬಹುತೇಕ ಎಂಜಿನಿಯರುಗಳು ಹೋಮ್‌ಬ್ರೂ ಬಳಸುತ್ತಾರೆ, ಆದರೆ ಬೋರ್ಡ್ ಮೇಲೆ ಬೈನರಿ ಟ್ರೀ (ಮಾಹಿತಿಯನ್ನು ಮರದ ಕವಲುಗಳಂತೆ ಜೋಡಿಸುವ ರೀತಿ) ತಿರುಗಿಸಲು ಬರಲಿಲ್ಲವೆಂದು ಅದೇ ಗೂಗಲ್ ತಮ್ಮನ್ನು ಬೇಡವೆಂದಿತು ಅಂತ.

ನಮ್ಮ ಫ್ರೆಶರ್‌ಗೆ ಅಷ್ಟು ದೊಡ್ಡ ಗೌರವ ಸಿಗಲ್ಲ. ಹೇಗೋ ಒಂದು ಕಡೆ ಸಂದರ್ಶನಕ್ಕೆ ಕರೆಯುತ್ತಾರೆ.

“ಸರ್, ನನ್ನ ಪೋರ್ಟ್‌ಫೋಲಿಯೊ ನೋಡಿದ್ರಾ?”

“ಓ, ಕಳಿಸಿದ್ರಾ? ಟೈಮ್ ಆಗಿಲ್ಲ. ಇರಲಿ, ನೀವು ಹೇಗೆ ಕೋಡ್ ಬರೀತೀರಿ ಅಂತ ನೋಡಬೇಕಿತ್ತು. ಮನೆಯಲ್ಲೇ ಕೂತು ಒಂದು ಟು-ಡು ಲಿಸ್ಟ್ ಮಾಡಿ ಕಳಿಸಿಬಿಡಿ. ಸೋಮವಾರದೊಳಗೆ. ಹಳೇದನ್ನು ಕಾಪಿ ಮಾಡೋ ಹಾಗಿಲ್ಲ, ಆಯ್ತಾ?”